ಹೇಳಬಾರದ ಮದ್ದು

ಸುಪ್ರೀತಾಳಿಗೆ ಸರಿಯಾದ ಬಲ ಮೊಣಕಾಲು ಇರಲಿಲ್ಲ. ಅಗಲ ಭುಜ, ಗಟ್ಟಿ ಬೆನ್ನು, ಹಟ, ಉಳಿದದ್ದೆಲ್ಲ ಇತ್ತು. ಹಟ್ಟಿಯಂಗಡಿಯಿಂದ ಬೆಳಗಿನ ಬಸ್ಸಿಗೆ ಕುಂದಾಪುರಕ್ಕೆ ಬಂದು ರತನ್ ಸರ್ ಅವರ ಜಿಮ್ಮಿನಲ್ಲಿ ಭಾರ ಎತ್ತುತ್ತಿದ್ದಳು. ತಾಯಿ ಗಿರಿಜಾ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವಳು.

"ಏಷ್ಯಾಡ್ ಆಸೆ ಬಿಡ್," ಎಂದಿದ್ದರು ರತನ್ ಸರ್. "ಅಲ್ಲಿ ಚೀನಾ ಇತ್ತ್, ಕೊರಿಯಾ ಇತ್ತ್. ಕಾಮನ್‌ವೆಲ್ತಿಗೆ ಅವ್ರ್ ಬತ್ತಿಲ್ಲೆ. ಅದ್ ಬ್ರಿಟಿಷ್ರ್ ಆಳಿದ್ ದೇಶದವ್ರ್ ಮಾಡ್ಕಂಡ್ ಸಂಘ."

"ಅಂದ್ರೆ ಚೀನಾದವ್ರನ್ನ ಆಳ್ಲಿಲ್ಲ ಅಂದೇಳಿ ನಂಗ್ ಮೆಡಲ್ಲಾ ಸರ್?"

"ಹೌದ್ ಮಾರಾಯ್ತಿ. ನಿನ್ನ ಅಜ್ಜಯ್ಯ ತಿಂದ ಪೆಟ್ಟಿನ ಬಡ್ಡಿ ಅಂದ್ಕೊ."

ತಮಾಷೆಯಾದರೂ ಮಾತು ಸರಿಯಾಗಿತ್ತು. ಆ ಒಕ್ಕೂಟದ ಹೆಚ್ಚಿನ ದೇಶಗಳು ಒಂದು ಕಾಲಕ್ಕೆ ಒಬ್ಬನೇ ಯಜಮಾನನ ಕೆಳಗಿದ್ದವು. ಈಗ ಯಾರೂ ಯಾರ ಅಡಿಯಾಳಲ್ಲ. ಬೇಕಾದವರು ಇದ್ದಾರೆ, ಬೇಡವಾದವರು ಬಿಟ್ಟು ಹೋಗಬಹುದು. ಜಗತ್ತಿನ ಲಿಫ್ಟರುಗಳ ಪಟ್ಟಿಯಲ್ಲಿ ಸುಪ್ರೀತಾ ಎಲ್ಲೋ ಕೆಳಗಿದ್ದಳು. ಒಕ್ಕೂಟದೊಳಗೆ ಮೂರನೆಯವಳು. ಆಯ್ಕೆಯ ಟ್ರಯಲ್ಸ್ ಗೆದ್ದರೆ ಈ ಸಲದ ಕಾಮನ್‌ವೆಲ್ತ್ ಕೂಟ ನಡೆಯುವ ಗ್ಲಾಸ್ಗೋ. ಗ್ಲಾಸ್ಗೋದಲ್ಲಿ ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ. ಅವಳ ಮುಂದೆ ಇದ್ದ ದಾರಿ ಅದೊಂದೇ.

ಟ್ರಯಲ್ಸ್ ಹತ್ತಿರವಾದಾಗ ಮೊಣಕಾಲು ಬಾತುಕೊಂಡಿತು. ಕುಂದಾಪುರದ ಡಾಕ್ಟರು ಎರಡು ತಿಂಗಳು ಭಾರ ಮುಟ್ಟಬೇಡ ಎಂದರು. ಗಿರಿಜಾ ಮಗಳನ್ನು ಕೊಲ್ಲೂರಿನ ಬಸ್ಸು ಹತ್ತಿಸಿ, ದಾರಿಯಲ್ಲಿ ಇಳಿದು, ನಾಟಿ ಮದ್ದು ಕೊಡುವ ದುಗ್ಗಪ್ಪನ ಮನೆಗೆ ಕರೆದೊಯ್ದಳು.

ದುಗ್ಗಪ್ಪ ಕಾಗದದ ಪೊಟ್ಟಣದಲ್ಲಿ ಕಂದು ಪುಡಿ ಕೊಟ್ಟ. "ಜೇನಲ್ಲಿ ಕಲ್ಸಿ ತಿನ್ಕ್. ಯಾರತ್ರೂ ಹೇಳುಕಾಗ, ಹೇಳಿರೆ ಮದ್ದ್ ಹಿಡಿತಿಲ್ಲೆ. ನೋವ್ ಹೋದ್ಮೇಲೆ ಉಳ್ದದ್ ಹೊಳೆಗ್ ಬಿಡಿ."

ಇದೇನೂ ಹೊಸ ಷರತ್ತಲ್ಲ. ಸರ್ಪಸುತ್ತಿಗೆ, ಕಾಮಾಲೆಗೆ ಬೇರು ಕೊಡುವವರೆಲ್ಲ ಹೀಗೇ ಹೇಳುತ್ತಾರೆ. ಊರವರು ಹಾಗೇ ನಡೆದುಕೊಳ್ಳುತ್ತಾರೆ. ಆದರೆ ತಮ್ಮನ್ನು ಕೇಳದೆ ನೆಗಡಿಯ ಮಾತ್ರೆಯನ್ನೂ ನುಂಗಬಾರದು ಎಂಬುದು ರತನ್ ಸರ್ ಅವರ ಕಟ್ಟಪ್ಪಣೆ.

"ಸರ್ ಹತ್ರ ಒಂದ್ ಮಾತ್ ಕೇಂತೆ ಅಬ್ಬಿ," ಎಂದಳು ಸುಪ್ರೀತಾ ತಾಯಿಗೆ.

"ಕೇಂಡ್ರೆ ಮುಗೀತ್. ಇದ್ ಮಾತ್ರೆ ಅಲ್ಲ ಹೆಣೆ, ಬೇರ್. ಬೇರ್ ತಿಂದ್ ಯಾರ್ ಹಾಳಾಯಿರ್?"

ಬಾವು ಬೇಗ ಇಳಿಯಿತು. ಸುಪ್ರೀತಾ ಟ್ರಯಲ್ಸ್‌ಗೆ ರೈಲು ಹತ್ತುವ ದಿನವೂ ಪುಡಿ ತಿಂದಳು. ಮಗಳನ್ನು ಕಳಿಸಿ ಬಂದ ಗಿರಿಜಾ ಉಳಿದದ್ದನ್ನು ಹೊಳೆಗೆ ಸುರಿದಳು.

ಟ್ರಯಲ್ಸ್‌ನಲ್ಲಿ ಸುಪ್ರೀತಾ ಗೆದ್ದಳು. ವೇದಿಕೆ ಇಳಿದ ಕೂಡಲೇ ಉದ್ದೀಪನ ಮದ್ದಿನ ಪರೀಕ್ಷೆಯವರು ಮೂತ್ರದ ಮಾದರಿ ತೆಗೆದುಕೊಂಡರು. ಕಳೆದ ವಾರ ಯಾವುದಾದರೂ ಔಷಧಿ ತಗೊಂಡಿದ್ದೀಯಾ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದಳು. ಸುಪ್ರೀತಾಳ ಕಾಲು ಗ್ಲಾಸ್ಗೋವರೆಗೂ ನಡೆಯಬೇಕಿತ್ತು. ಹೇಳಿದರೆ ಮದ್ದಿನ ಹಿಡಿತ ಬಿಟ್ಟುಹೋಗುತ್ತದೆ. ಇಲ್ಲ ಎಂದಳು. ಇಲ್ಲ ಎಂದು ಬರೆದು ಸಹಿ ಮಾಡಿದಳು.

ಊರಿನಲ್ಲಿ ಫ್ಲೆಕ್ಸ್ ಹಾಕಿದರು. ಅದಿನ್ನೂ ಇರುವಾಗಲೇ ಮೇಲ್ ಬಂತು: ಮೂತ್ರದಲ್ಲಿ ನಿಷೇಧಿತ ಸ್ಟೀರಾಯ್ಡ್.

"ಎಂತ ತಿಂದಿದ್ದೆ?" ರತನ್ ಸರ್ ಬೈಯಲಿಲ್ಲ. ಅವಳು ಎಲ್ಲ ಹೇಳಿದ ಮೇಲೆ ತಾಯಿ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ದುಗ್ಗಪ್ಪನಲ್ಲಿಗೆ ಹೊರಟರು.

ದುಗ್ಗಪ್ಪ ಏನೂ ಅಡಗಿಸಲಿಲ್ಲ. "ಬರೀ ಬೇರಿಗ್ ಈಗ ಯಾರ ನೋವ್ ಹೋತ್ತ್ ಸರ್? ಮೆಡಿಕಲ್ಲಿಂದ ತಂದ್ ಮಾತ್ರೆ ಪುಡಿ ಮಾಡಿ ಸೇರ್ಸ್ತೆ. ಎಲ್ರೂ ಸೇರ್ಸ್ತ್ರ್."

"ಅದನ್ನೇ ಬರ್ದ್ ಕೊಡಿ. ಇವ್ಳಿಗ್ ಗೊತ್ತಿಲ್ದೇ ಹೊಟ್ಟೆಗ್ ಹೋದ್ದ್ ಅಂತ ಆದ್ರೆ ಶಿಕ್ಷೆ ಕಮ್ಮಿ ಆತ್ತ್."

"ಬರ್ದ್ ಕೊಟ್ರೆ ಪೊಲೀಸ್ರ್ ಇಲ್ಲಿಗ್ ಬತ್ರ್. ಆತಿಲ್ಲೆ."

ಗಿರಿಜಾ ಕೈ ಮುಗಿದಳು. "ಹ್ವಾಯ್, ನೀವ್ ಹೇಳದಾಂಗೇ ಮಾಡಿದ್ವಲೆ. ಯಾರತ್ರೂ ಹೇಳ್ಲಿಲ್ಲ. ಉಳ್ದದ್ ಹೊಳೆಗ್ ಬಿಟ್ಟೆ."

"ಹಂಗಾರೆ ನೋವ್ ಹೋಯಿತ್ತಲೆ?" ಎಂದ ದುಗ್ಗಪ್ಪ. ವ್ಯಂಗ್ಯವಾಗಿ ಅಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.

ವಿಚಾರಣೆ ಫೋನಿನ ಪರದೆಯಲ್ಲಿ ನಡೆಯಿತು. ಔಷಧಿ ತಿಂದದ್ದನ್ನು ಏಕೆ ಮುಚ್ಚಿಟ್ಟೆ ಎಂದು ಕೇಳಿದರು. ಹೇಳಿದರೆ ಫಲ ಕೊಡುವುದಿಲ್ಲ ಎಂದು, ಅಂದಳು. ಪರದೆಯಲ್ಲಿದ್ದವರಿಗೆ ಮುಖ ಮುಖ ನೋಡಿಕೊಳ್ಳಲೂ ಆಗಲಿಲ್ಲ. ಆ ಪುಡಿ ಕಳಿಸು, ಪರೀಕ್ಷಿಸುತ್ತೇವೆ ಎಂದರು. ಪುಡಿ ಇಲ್ಲ. ಕೊಟ್ಟವನ ಹೇಳಿಕೆ? ಅದೂ ಇಲ್ಲ.

ಎರಡು ವರ್ಷ ನಿಷೇಧ. ಟ್ರಯಲ್ಸ್‌ನಲ್ಲಿ ಎರಡನೆಯವಳಾಗಿದ್ದ ಹುಡುಗಿಗೆ ಟಿಕೆಟ್ ಹೋಯಿತು. ನಿಷೇಧ ಮುಗಿದರೂ ಪ್ರಯೋಜನವಿಲ್ಲ, ಮುಂದಿನ ಕಾಮನ್‌ವೆಲ್ತ್ ಕೂಟ ಬರುವುದು ನಾಲ್ಕು ವರ್ಷಕ್ಕೆ. ಸುಪ್ರೀತಾ ತಾಯಿಯ ಜತೆ ಕಾರ್ಖಾನೆಗೆ ಹೋಗತೊಡಗಿದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹೋದದ್ದು ತಂಡದಲ್ಲಿ ಒಂದು ಜಾಗ, ಒಂದು ಕೆಲಸ, ನಾಲ್ಕು ವರ್ಷ.