ದೊರೆಸಾನಿಯ ನಡುಮನೆಯ ಮಲ್ಲಿಗೆ

ಒಂದೂರನ್ನು ದೊರೆಸಾನಿಯೊಬ್ಬಳು ಆಳುತ್ತಿದ್ದಳು. ಅವಳ ಅರಮನೆಯ ಮುಂದೆ, ಬೀದಿಗೆ ತಾಗಿದಂತೆ, ಮಲ್ಲಿಗೆ, ಸುಗಂಧರಾಜ, ಕನಕಾಂಬರದ ತೋಟವಿತ್ತು. ಅದನ್ನು ಮಗುವಿನಂತೆ ಸಾಕಿದವಳು ತೋಟದಾಳು ಈರಕ್ಕ. ಬೇಲಿಯಾಚೆ ಬಾಗಿದ ಹೂವನ್ನು ಬೀದಿಯ ಹೆಂಗಸರು ಬಿಡಿಸಿ ಮುಡಿಯುತ್ತಿದ್ದರು. ಹೊರೆ ಹೊತ್ತವರು ಅಲ್ಲೊಂದು ಗಳಿಗೆ ನಿಂತು, ಉಸಿರೆಳೆದುಕೊಂಡು ಮುಂದೆ ಹೋಗುತ್ತಿದ್ದರು.

ಒಂದು ದಿನ ಇದು ದೊರೆಸಾನಿಯ ಕಣ್ಣಿಗೆ ಬಿತ್ತು.

"ನೀರು ನನ್ನದು, ಗೊಬ್ಬರ ನನ್ನದು. ಪರಿಮಳ ಮಾತ್ರ ದಾರಿಹೋಕರದ್ದೇನೆ? ಎಲ್ಲವನ್ನೂ ಕುಂಡಕ್ಕೆ ಹಾಕಿ ನಡುಮನೆಗೆ ತಾ, ಈರಿ."

"ಇವು ಬಿಸಿಲಿನ ಗಿಡ, ತಾಯಿ. ಒಳಗೆ ಬಾಳೋದಿಲ್ಲ."

"ಯುಗಾದಿಗೆ ನೆರೆರಾಜ್ಯದ ಅತಿಥಿಗಳು ಬರುತ್ತಾರೆ. ಅಷ್ಟರಲ್ಲಿ ಗಿಡ ಹೂ ಬಿಡಬೇಕು. ಇಲ್ಲವಾದರೆ ನೀನು ಊರು ಬಿಡಬೇಕು."

ಈರಕ್ಕನಿಗೆ ಹೋಗಲು ಬೇರೆ ಊರಿರಲಿಲ್ಲ. ತುಟಿ ಕಚ್ಚಿಕೊಂಡು ಗಿಡಗಳನ್ನು ಒಳಗೆ ತಂದಳು. ಹದಿನೈದೇ ದಿನಕ್ಕೆ ಎಲೆ ಹಳದಿಯಾದವು. ಮಂತ್ರಿ ಬಂದು ನೋಡಿ, "ಇವಕ್ಕೆ ಅರಮನೆಯ ಶಿಸ್ತು ಇನ್ನೂ ಬಂದಿಲ್ಲ" ಎಂದ. ಸುತ್ತಲೂ ನೂರು ದೀಪ ಹಚ್ಚಿಸಿದ. ಎಲೆಯಂಚು ಸುಟ್ಟಿತು. ಚಾಮರದವರಿಂದ ಗಾಳಿ ಹಾಕಿಸಿದ. ಮೊಗ್ಗಿನ ಸುಳಿವಿಲ್ಲ. ನೀರು ಸಾಲದು ಎಂದು ಬೆಳಿಗ್ಗೆ ಬೈಸಿಕೊಂಡ ಈರಕ್ಕ, ನೀರು ಹೆಚ್ಚಾಯಿತೆಂದು ಸಂಜೆ ಬೈಸಿಕೊಂಡಳು. ಅವಳಿಗೆ ಸಾಕುಸಾಕಾಗಿ ಹೋಯಿತು.

"ಇವಕ್ಕೆ ಬೇಕಾದದ್ದೇನು, ಬಾಯಿಬಿಟ್ಟು ಹೇಳು!" ಎಂದು ದೊರೆಸಾನಿ ಗದರಿದಳು.

"ಮೊದಲ ದಿನವೇ ಹೇಳಿದೆನಲ್ಲ ತಾಯಿ, ಬಿಸಿಲು."

"ಹಾಗಾದರೆ ಬಿಸಿಲನ್ನು ಒಳಗೆ ತರಿಸು."

ಈರಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. ತಮಾಷೆಯ ಮಾತಾಗಿರಲಿಲ್ಲ. "ಅಪ್ಪಣೆ. ಸೂರು ತೆಗೆಸಿ" ಎಂದಳು.

ಸೂರು ತೆಗೆಸಿದರು. ಎಲೆಗಳು ಹಸಿರಾದವು. ದೊರೆಸಾನಿಗೆ ಹುರುಪು ಬಂತು. ಇಳಿಹೊತ್ತಿನ ಬಿಸಿಲಿಗೆ ಗೋಡೆ ಅಡ್ಡವೆಂದು ತಿಳಿದಾಗ, ಈರಕ್ಕ ಬಾಯಿ ತೆರೆಯುವ ಮೊದಲೇ ಗೋಡೆಗಳನ್ನೂ ಕೆಡವಿಸಿದಳು. ಹೆಬ್ಬಾಗಿಲು ಮಾತ್ರ ಉಳಿಯಿತು. ಅದೂ ಇಲ್ಲದಿದ್ದರೆ ಅರಮನೆಗೆ ಮರ್ಯಾದೆಯಲ್ಲ ಎಂದು ಮಂತ್ರಿ ತಡೆದಿದ್ದ.

ಯುಗಾದಿಗೆ ಗಿಡಗಳು ಮೈತುಂಬ ಹೂ ಬಿಟ್ಟವು. ಕೊಡೆಯ ಕೆಳಗೆ ಬೆವರುತ್ತ ಕೂತ ದೊರೆಸಾನಿ, "ಎಲ್ಲವೂ ಮನೆಯೊಳಗೇ ಬೆಳೆದದ್ದು" ಎಂದು ಅತಿಥಿಗಳಿಗೆ ತೋರಿಸಿದಳು. ಅವರು ಹಣೆ ಒರೆಸಿಕೊಳ್ಳುತ್ತ ಹೌದೆಂದರು.

ಅಷ್ಟರಲ್ಲಿ ಈರಕ್ಕ ಕೊಡ ಹೊತ್ತು ಬಂದಳು. ಪರಿಮಳ ಹಿಡಿದು ಬಂದ ಬೀದಿಯ ಹೆಂಗಸರು ಅವಳ ಹಿಂದಿದ್ದರು. ಹೆಬ್ಬಾಗಿಲಲ್ಲಿ ಕಾವಲುಗಾರ ಈಟಿ ಅಡ್ಡ ಹಿಡಿದ.

"ಇವತ್ತು ಯಾರನ್ನೂ ಒಳಗೆ ಬಿಡುವಂತಿಲ್ಲ."

"ಗಿಡಕ್ಕೆ ನೀರು ಹಾಕೋದು ಬೇಡವೇನಪ್ಪಾ?"

"ಬಾಗಿಲಿನಿಂದ ಬಿಡಬಾರದೆಂದು ಅಪ್ಪಣೆಯಾಗಿದೆ."

ಈರಕ್ಕ ನಿಟ್ಟುಸಿರುಬಿಟ್ಟು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಒಳಗೆ ನಡೆದಳು. ಹೆಂಗಸರೂ ಅವಳ ಹಿಂದೆಯೇ ನಡೆದರು. ಕಾವಲುಗಾರ ಬಾಗಿಲು ಮುಚ್ಚಿ, ಭದ್ರವಾಗಿ ಅಗಳಿ ಹಾಕಿದ.