ಸಾರಮ್ಮನ ಹೊಲಿಗೆ ಮಷೀನಿಗೆ ಬಂದ ವಾರಂಟು

ಗಲ್ಫಿನ ಮನಾಮದ ಒಂದು ಓಣಿಯಲ್ಲಿ ಸಾರಮ್ಮನ ಮನೆ. ನಮ್ಮ ಕರಾವಳಿಯಿಂದ ಹೋದ ಬ್ಯಾರಿ ಮುಸ್ಲಿಮರು. ಗಂಡ ಅಬ್ದುಲ್ ಲತೀಫ್ ಡ್ರೈವರ್. 1983ರಲ್ಲಿ ಕಂತಿನ ಮೇಲೆ ಫ್ರಿಜ್ ತಂದರು. ಎರಡು ಕಂತು ತಪ್ಪಿ ಇಪ್ಪತ್ತು ದಿನಾರ್ ಬಾಕಿಯಾಯಿತು. ವಸೂಲಿಯವನೊಬ್ಬ ವಾರವಾರ ಬಾಗಿಲು ಬಡಿಯತೊಡಗಿದ. ತಾನು ಕೋರ್ಟಿನವನು ಅಂದ, ವಾರಂಟು ಅಂತ ಒಂದು ಕಾಗದವನ್ನೂ ಕೊಟ್ಟ. ಖರ್ಚು ಅಂತ ಬಂದದ್ದಕ್ಕೆ ಐದು ದಿನಾರ್, ಕಾಗದಕ್ಕೆ ಐದು, ಬಾಗಿಲು ತೆರೆಯದ ದಿನಕ್ಕೂ ಐದು! ಹತ್ತು ದಿನಾರ್ ಕೊಟ್ಟೂ ಆಗಿತ್ತು. ಆದರೂ ಖರ್ಚು ಬಾಕಿಗಿಂತ ದೊಡ್ಡದಾಯಿತು. ಶುಕ್ರವಾರ ಎಲ್ಲ ಕೊಡದಿದ್ದರೆ ಸಾರಮ್ಮನ ಹೊಲಿಗೆ ಮಷೀನು ಹೊತ್ತೊಯ್ಯುತ್ತಾನಂತೆ. ಮಕ್ಕಳ ಫೀಸು ಬರುವುದೇ ಆ ಮಷೀನಿನಿಂದ.

"ವಾರಂಟು ಅರಬಿಯಲ್ಲಿ ಉಂಟು, ಮುದ್ರೆಯೂ ಉಂಟು. ಸುಳ್ಳಾಗ್ತದಾ?" ಅಂದ ಲತೀಫ್. ಅರಬಿ ಅಕ್ಷರ ಕಂಡದ್ದೇ ಕಾಗದವನ್ನು ಕಣ್ಣಿಗೊತ್ತಿ ಕಪಾಟಿನ ಮೇಲಿಟ್ಟಿದ್ದ.

ಸಾರಮ್ಮನಿಗೆ ಅನುಮಾನ. ಕೋರ್ಟಿನವನಾದರೆ ರಸೀದಿ ಕೇಳಿದಾಗ ಯಾಕೆ ಸಿಡುಕಬೇಕು? ಪಕ್ಕದ ಮನೆಯ ಜೊಕಿಮ್‌ನನ್ನು ಕರೆದಳು. ಅವನೂ ಕರಾವಳಿಯವನೇ, ಕ್ರೈಸ್ತ, ಊರಿನ ಮಾತಿನಲ್ಲಿ ಪೊರ್ಬು; ವಕೀಲರ ಆಫೀಸಿನಲ್ಲಿ ಟೈಪಿಸ್ಟ್.

"ಈ ಪೊರ್ಬುಗಳಿಗೆ ಯಾಕೆ ಇಷ್ಟು ಉಸಾಬರಿ? ಇದರಲ್ಲಿ ಅವರಿಗೂ ಪಾಲು ಉಂಟೋ ಏನೋ!" ಲತೀಫ್ ಗೊಣಗಿದ.

ಜೊಕಿಮ್‌ಗೆ ಕೇಳಿಸಿತು. "ನನ್ನನ್ನೂ ನಂಬಬೇಡಿ ಬ್ಯಾರಿಗಳೇ. ಸಾರಮ್ಮ, ನೀವು ಮದರಸದಲ್ಲಿ ಅರಬಿ ಕಲಿತವರಲ್ವಾ?"

"ಓದಲಿಕ್ಕೆ ಬರ್ತದೆ. ಅರ್ಥ ಗೊತ್ತಿಲ್ಲ."

"ಅಕ್ಷರ ಬಂದರೆ ಸಾಕು. ಕೋರ್ಟಿಗೆ ಅರಬಿಯಲ್ಲಿ ಮಹ್‌ಕಮ ಅಂತಾರೆ. ನೀವೇ ಹುಡುಕಿ."

ಸಾರಮ್ಮ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಮಹ್‌ಕಮ ಎಲ್ಲೂ ಇಲ್ಲ. ಮುದ್ರೆಯಲ್ಲಿದ್ದದ್ದು ಫ್ರಿಜ್ಜಿನ ಬಿಲ್ಲಿನಲ್ಲಿದ್ದ ಅದೇ ಅಂಗಡಿಯ ಹೆಸರು! ಲತೀಫನ ಮುಖ ಸಣ್ಣದಾಯಿತು. ಮರುದಿನವೇ ಅಂಗಡಿಗೆ ಹೋಗಿ ಬಾಕಿ ಕಟ್ಟಿ ರಸೀದಿ ತಂದ.

ಶುಕ್ರವಾರ ವಸೂಲಿಯವನು ಬಾಗಿಲು ಬಡಿದ. ಲತೀಫ್ ತೆರೆದ. ಸಾರಮ್ಮ ಮಷೀನಿನ ಮುಂದಿನಿಂದ ಏಳಲಿಲ್ಲ.

"ಬಾಕಿ ಕಟ್ಟಿ ಆಗಿದೆ. ಈ ಕಾಗದದಲ್ಲಿ ಮಹ್‌ಕಮ ಎಲ್ಲುಂಟು, ತೋರಿಸಿ. ಇಲ್ಲಾಂದ್ರೆ ಖರ್ಚಿನ ಲೆಕ್ಕ ಕೋರ್ಟಿನಲ್ಲೇ ಕೇಳುವ, ನಡೀರಿ."

"ನಾಳೆ ಬರ್ತೇನೆ" ಅಂದು ಅವನು ಮೆಟ್ಟಿಲಿಳಿದ. ಆ ನಾಳೆ ಇನ್ನೂ ಬಂದಿಲ್ಲ. ಮೊದಲು ಕೊಟ್ಟ ಹತ್ತು ದಿನಾರೂ ಬಂದಿಲ್ಲ. ರಸೀದಿಯೇ ಇಲ್ಲದಿದ್ದರೆ ಯಾರನ್ನು ಕೇಳುವುದು? ಈಗ ಲತೀಫ್ ಹಾಲಿನವನ ಹತ್ತಿರವೂ ರಸೀದಿ ಕೇಳುತ್ತಾನೆ.

ಓದುವ ಅಕ್ಕ ಅಣ್ಣಂದಿರೇ, ಸಾಲ ಮಾಡಿದ್ದರೆ ತೀರಿಸಿ. ಆದರೆ ಖರ್ಚು ಅಂತ ಕೈ ಚಾಚಿದವನನ್ನು ಕೇಳಿ: ಯಾರು ಕಳಿಸಿದ್ದು? ಯಾವ ಖರ್ಚು? ರಸೀದಿ ಎಲ್ಲಿ? ಅರ್ಥವಾಗದ ಕಾಗದವನ್ನು ತಿಳಿದವರಿಗೆ ತೋರಿಸಿ, ಕೋರ್ಟಿನ ಕಚೇರಿಯಲ್ಲೇ ವಿಚಾರಿಸಿ. ಅಲ್ಲಿಯವರೆಗೆ ದುಡ್ಡೂ ಕೊಡಬೇಡಿ, ಮಷೀನನ್ನೂ ಬಿಡಬೇಡಿ.