ಚರಿಗೆ ತುಂಬಿದ ಬೆಣ್ಣೆ

ತಕ್ಕಡಿಯಲ್ಲಿ ಬೆಣ್ಣೆಯ ಪರಡಿ ಮೇಲೆದ್ದೇ ನಿಂತಿತು. ಆಚೆ ಪರಡಿಯೊಳಗೆ ಸೇರಿನ ಕಲ್ಲು, ಅದರ ಮಗ್ಗುಲಿಗೆ ಬೆಣ್ಣೆಯ ಹಿತ್ತಾಳೆ ಚರಿಗೆಗೆ ಸಮನಾಗಿ ಅಂಥದೇ ಒಂದು ಖಾಲಿ ಚರಿಗೆ. ಆ ಪರಡಿ ನೆಲ ಬಿಟ್ಟು ಏಳಲಿಲ್ಲ. ಬೆಣ್ಣೆ ತಂದಿದ್ದ ಮಲಕಮ್ಮ ಸೆರಗು ಎಳೆದುಕೊಂಡಳು.

ನಿಜಾಮನ ರಾಜ್ಯ ಮುಗಿದ ಹೊಸತು. ಶಹಾಪುರದ ದಾರಿಯ ಆ ಊರ ಚಾವಡಿಯಲ್ಲಿ ಬಂದೂಕಿನವರ ಗುಂಪೊಂದು ಬಿಡಾರ ಹೂಡಿತ್ತು. ನಿಜಾಮನ ಕಡೆಯ ರಜಾಕಾರರ ಕೈಯಲ್ಲಿ ಮನೆಮಾರು ಸುಡಿಸಿಕೊಂಡವರು. ಈಗ ತಾವೇ ಮುಸಲ್ಮಾನರ ಮನೆಗಳ ಕದ ಒದೆಯುತ್ತ ತಿರುಗುತ್ತಿದ್ದರು. ಅವರ ಊಟಕ್ಕೆ ಮನೆಗೊಂದು ಸಾಮಾನು ಕೊಡಬೇಕೆಂದು ಹುಕುಂ ಆಗಿ, ಎರಡು ಎಮ್ಮೆ ಕಟ್ಟಿದ್ದ ಮಲಕಮ್ಮನ ಪಾಲಿಗೆ ಬೆಣ್ಣೆ ಬಂದಿತ್ತು. ಒತ್ತಿ ತುಂಬಿದ ಒಂದು ಚರಿಗೆ ಎಂದರೆ ತೂಕದ ಒಂದು ಸೇರು ಎಂದು ಅಡುಗೆಯ ಜಗದೇವಪ್ಪ ಮೊದಲ ಸಲವೇ ತೂಗಿ ಗೊತ್ತುಮಾಡಿಕೊಂಡಿದ್ದ. ಆಮೇಲೆ ಚರಿಗೆ ನೋಡಿಯೇ ಸುರುವಿಕೊಳ್ಳುತ್ತಿದ್ದ.

ಇವತ್ತು ತೂಗಿದ್ದು ರವೆ ಉಂಡಿಯ ದೆಸೆಯಿಂದ. ಹಿಂದಿನ ಸಲದ ಉಂಡಿ ತುಪ್ಪ ಸಾಲದೆ ಬಾಯಿಗೆ ಹೋಗುವುದರೊಳಗೆ ಪುಡಿಯಾಗಿ, ಗುಂಪಿನ ಹಿರಿಯ ಬಸವಂತ್ರಾಯ ಇದನ್ನು ತಿನ್ನಬೇಕೋ ವಿಭೂತಿಯ ಹಾಗೆ ಹಣೆಗೆ ಬಳಿದುಕೊಳ್ಳಬೇಕೋ ಎಂದು ಎಲ್ಲರೆದುರು ಚೇಷ್ಟೆ ಮಾಡಿದ್ದ. ಸೇರು ಬೆಣ್ಣೆ ಕಾಸಿದರೆ ಮುಕ್ಕಾಲು ಸೇರು ತುಪ್ಪ ಇಳಿಯಬೇಕು. ಆ ಸಲ ಇಳಿದದ್ದು ಅರ್ಧದ ಮೇಲೆ ಚೂರು.

ಬಸವಂತ್ರಾಯ ಬೇವಿನ ಕಡ್ಡಿ ಕಚ್ಚಿಕೊಂಡು ಎದ್ದು ಬಂದ.

"ಚರಿಗಿ ತುಂಬೇತಿ, ತೂಕ ಇಲ್ಲ. ಇದ್ಹೆಂಗಬೇ ಮಲಕಮ್ಮ?"

"ಎಮ್ಮಿ ಎಳಿ ಹುಲ್ಲು ಮೇಯಾಕತ್ತಾವ್ರಿ. ಬೆಣ್ಣಿ ಹಗುರ ಬರಾಕತ್ತೈತಿ."

"ಗಂಡ ಕುರಿ ಹೊಡ್ಕೊಂಡು ಗುರುಮಠಕಲ್ ಕಡಿ ಹೋಗ್ಯಾನ. ಮನ್ಯಾಗ ನೀ ಒಬ್ಬಾಕಿ. ಉಳಿದದ್ದು ಬೆಕ್ಕು ತಿಂತೈತೇನು?"

ಚಾವಡಿಯವರು ನಕ್ಕರು. ಮಲಕಮ್ಮನೂ ನಗಲು ನೋಡಿದಳು, ತುಟಿ ಬಿಚ್ಚಲಿಲ್ಲ.

ತಿನ್ನುತ್ತಿದ್ದವಳು ಮಗ್ಗುಲ ಮನೆಯ ಅನ್ವರಬಿ. ಅವಳ ಗಂಡ ಎತ್ತ ಹೋದನೋ ಸುದ್ದಿಯಿಲ್ಲ. ಮಲಕಮ್ಮನ ಕೊಟ್ಟಿಗೆಯಲ್ಲಿ, ಒಟ್ಟಿದ ಜೋಳದ ಕಣಿಕೆಯ ಹಿಂದೆ ಅಡಗಿ, ಹೆತ್ತು ಮಲಗಿದ್ದಳು. ಹಸಿ ಬಾಣಂತಿಗೆ ಒಣರೊಟ್ಟಿ ಕೊಟ್ಟರೆ ಎದೆಹಾಲು ಬತ್ತುತ್ತದೆ. ಹಾಲು ಬತ್ತಿದರೆ ಕೂಸು ಅಳುತ್ತದೆ. ಅತ್ತರೆ ಓಣಿಗೆಲ್ಲ ಕೇಳುತ್ತದೆ. ಅದಕ್ಕೇ ಮಲಕಮ್ಮ ಚರಿಗೆಯ ನಡುವೆ ಟೊಳ್ಳು ಬಿಟ್ಟು, ಮೇಲೆ ನುಣ್ಣಗೆ ಬೆಣ್ಣೆ ಸವರಿ ತಂದಿದ್ದಳು.

ಒಳಗೇನಿದೆ ನೋಡು ಎಂದ ಬಸವಂತ್ರಾಯ. ಜಗದೇವಪ್ಪ ಚರಿಗೆಯೊಳಗೆ ಬೆರಳಿಳಿಸಿದ. ಬೆರಳು ಸರಕ್ಕನೆ ಗೆಣ್ಣಿನ ತನಕ ಹೋಯಿತು. ಅವನು ಅವಳ ಮುಖ ನೋಡಿದ. ಆಮೇಲೆ ಚರಿಗೆ ಎತ್ತಿ, ಇದ್ದಷ್ಟೂ ಬೆಣ್ಣೆಯನ್ನು ಒಲೆಯ ಮೇಲಿನ ಕಾದ ಬಾಣಲೆಗೆ ಬಳಿದು ಹಾಕಿದ. ಬೆಣ್ಣೆ ಚುರ್ರೆಂದು ಕರಗಿತು. ಟೊಳ್ಳೂ ಇಲ್ಲ, ಗಟ್ಟಿಯೂ ಇಲ್ಲ.

"ಎಳಿ ಹುಲ್ಲಿನ ಬೆಣ್ಣಿ ಹಿಂಗ ಇರತೈತ್ರಿ, ಗೌಡ್ರ. ರವಾ ಒಂದಿಷ್ಟು ಕಮ್ಮಿ ಹಾಕತೀನಿ."

ಬಸವಂತ್ರಾಯ ಬಾಣಲೆ ನೋಡಿದ, ಮಲಕಮ್ಮನನ್ನು ನೋಡಿದ, ಕಡ್ಡಿ ಉಗುಳಿ ಹೊರಗೆ ಹೋದ.

ಖಾಲಿ ಚರಿಗೆ ಕೊಡುವಾಗ ಜಗದೇವಪ್ಪ ದನಿ ಇಳಿಸಿದ. "ಬಾಣಂತಿಗಿ ಹಸಿ ಬೆಣ್ಣಿ ಥಂಡಿ ಆಗತೈತಿ. ಕಾಸಿ ತುಪ್ಪ ಮಾಡಿ ಕೊಡು."

"ಯಾ ಬಾಣಂತಿರಿ?" ಅಂದಳು ಮಲಕಮ್ಮ.

ಅವನು ರವೆ ಹುರಿಯತೊಡಗಿದ. ಹೇಳಿದ್ದು ಕರುಣೆಯಿಂದಲೋ ಬಾಯಿ ಬಿಡಿಸಲಿಕ್ಕೋ, ದಾರಿಯುದ್ದಕ್ಕೂ ಅವಳಿಗೆ ತಿಳಿಯಲಿಲ್ಲ. ಹಿಂದೆ ಕಾಲ್ಜೋಡಿನ ಸಪ್ಪಳ ಬರುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ಒಳಗೆ ಬಂದು ಕದ ಹಾಕುವಷ್ಟರಲ್ಲಿ ಕೊಟ್ಟಿಗೆಯಿಂದ ಕೂಸಿನ ಎಳೆದನಿ ಎದ್ದಿತು. ಮೊಸರಿನ ಗಡಿಗೆ ಬರಿದಾಗಿತ್ತು. ಮಲಕಮ್ಮ ಕೊಡದೊಳಗಿನ ನೀರನ್ನೇ ಅದಕ್ಕೆ ಸುರಿದು, ಕಡಗೋಲು ಇಳಿಬಿಟ್ಟು, ಹಗ್ಗ ಜಗ್ಗತೊಡಗಿದಳು. ಜೋಡಿನ ಸಪ್ಪಳ ಅಂಗಳಕ್ಕೆ ಬಂದು ನಿಂತಿತು. ಆ ದನಿ ಮುಚ್ಚುವ ಹಾಗೆ ಅವಳು ಇನ್ನೂ ಜೋರಾಗಿ ಕಡೆದಳು. ನೀರು ಅಂಚು ದಾಟಿ ಕಾಲ ಮೇಲೆ ಚೆಲ್ಲುತ್ತಿತ್ತು.